ಒಲೆಯ ಮೇಲೆ ಹಳೆಯದಾದ ಗಡಿಯಾರ

ಅರಕಲಗೂಡಿನ ಪೇಟೆಬೀದಿಯಲ್ಲಿ ದೊಡ್ಡಯ್ಯನವರದು ದಿನಸಿ ಅಂಗಡಿ. ಸಾವಿರದ ಒಂಬೈನೂರ ಮೂವತ್ತರ ಹೊತ್ತಿಗೆ ಅವರ ಮಗ ನಂಜಯ್ಯ ತಕ್ಕಡಿ ಹಿಡಿಯುವಷ್ಟು ದೊಡ್ಡವನಾಗಿದ್ದ. ಆದರೆ ತಕ್ಕಡಿ ಅವನ ಕೈಗೆ ಹೋದ ದಿನ ಗಿರಾಕಿಗಳಿಗೆ ಕಾಯುವುದೇ ಕೆಲಸ. ಒಂದು ತಟ್ಟೆಗೆ ತೂಕದ ಬೊಟ್ಟು ಹಾಕಿ ಇನ್ನೊಂದಕ್ಕೆ ತೊಗರಿಬೇಳೆ ಸುರಿಯುತ್ತಿರುವಾಗ ಎದುರುಗಡೆಯಿಂದ ಗರಗಸದ ಸದ್ದು ಕೇಳಿಬಿಟ್ಟರೆ ಮುಗಿಯಿತು, ತಕ್ಕಡಿ ನೆಲಕ್ಕೆ, ನಂಜಯ್ಯ ಬೀದಿಯ ಆಚೆಗೆ. ಅಲ್ಲಿ ಕಾಳಾಚಾರಿಯ ಮರಗೆಲಸದ ಚಪ್ಪರವಿತ್ತು.

ದೊಡ್ಡಯ್ಯನವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದರು. "ಲೇ ನಂಜ, ನಾವು ತಕ್ಕಡಿ ಇಡ್ಯೋ ಜನ ಕಣ್ಲಾ! ಉಳಿ ಇಡ್ದು ಕೂತ್ರೆ ನಾಳೆ ನಿಂಗೆ ಎಣ್ಣು ಕೊಡೋರು ಯಾರ್ಲಾ?"

ಹೆಣ್ಣೇನೋ ಸಿಕ್ಕಿತು. ನುಗ್ಗೇಹಳ್ಳಿಯ ತೆಂಗಿನಕಾಯಿ ವ್ಯಾಪಾರದವರ ಮಗಳು ಶಿವಗಂಗಮ್ಮ. ಮದುವೆಯಾದರೆ ಕಾಲು ಒಂದು ಕಡೆ ನಿಲ್ಲುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಧಾರೆಯಾದ ಎಂಟನೇ ದಿನ ಮದುಮಗ ಮತ್ತೆ ಕಾಳಾಚಾರಿಯ ಚಪ್ಪರದಲ್ಲಿ ಪಂಚೆ ಮೇಲೆ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದ.

ಕಾಳಾಚಾರಿ ಸುಲಭಕ್ಕೆ ಕಲಿಸುವ ಆಸಾಮಿಯಲ್ಲ. ವ್ಯಾಪಾರಸ್ಥರ ಮನೆ ಹುಡುಗನಿಗೆ ಉಳಿ ಕೊಟ್ಟು ಮೈಮೇಲೆ ಮಾತು ಎಳೆದುಕೊಳ್ಳುವುದು ಅವನಿಗೆ ಬೇಡವಾಗಿತ್ತು. ದಿನವೂ ಬಂದು ಕೂರುವವನ ಕಾಟ ತಡೆಯಲಾರದೆ ಒಮ್ಮೆ ಆರು ಹಲಗೆಯ ತುಂಡು ಎಸೆದು ಹೇಳಿದ: "ಇದರಾಗೆ ಒಂದು ಪೆಟ್ಗೆ ಕೂಡ್ಸಿ. ಮೊಳೆ ಒಡೀಬಾರ್ದು. ಆಮೇಲೆ ನೀರು ಉಯ್ದು ನೋಡಿ. ಒಂದು ತೊಟ್ಟು ಆಚೆ ಬಂದ್ರೂ ಅದು ಪೆಟ್ಗೆ ಅಲ್ಲ."

ಹದಿನೆಂಟು ಪೆಟ್ಟಿಗೆಗಳು ಸೋರಿದವು. ಹತ್ತೊಂಬತ್ತನೆಯದು ಸೋರಲಿಲ್ಲ. ಎರಡು ಕೈಗಳ ಬೆರಳು ಹೆಣೆದಂತೆ ಹಲಗೆಗೆ ಹಲಗೆ ಕಚ್ಚಿ ಕೂತಿತ್ತು. ಕಾಳಾಚಾರಿ ಅದನ್ನು ತಲೆಕೆಳಗು ಮಾಡಿ, ಮೂಲೆಗಳ ಮೇಲೆ ಉಗುರಾಡಿಸಿ, ತನ್ನ ಎಲೆಅಡಿಕೆ ಹಾಕಿಡಲು ಇಟ್ಟುಕೊಂಡುಬಿಟ್ಟ. ನಂಜಯ್ಯ ಅಂದು ಅಂಗಡಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಅಪ್ಪ ಮಗನ ನಡುವೆ ಮಾತು ನಿಂತಿತು. ಆರು ತಿಂಗಳಾದ ಮೇಲೆ ನಂಜಯ್ಯ ಹೆಂಡತಿಯನ್ನು ಕರೆದುಕೊಂಡು ಹೊಳೆನರಸೀಪುರಕ್ಕೆ ಹೋಗಿ ರೈಲ್ವೆ ನಿಲ್ದಾಣದ ಹತ್ತಿರ ಒಂದು ಹೆಂಚಿನ ಮನೆ ಹಿಡಿದ. ಅಲ್ಲಿ ವಿಭೂತಿ ಪೆಟ್ಟಿಗೆ, ಒಡವೆ ಪೆಟ್ಟಿಗೆ, ಲಿಂಗ ಇಡುವ ಮರದ ಕರಡಿಗೆ, ಹೀಗೆ ಅಂಗೈಯಿಂದ ಮೊಳದ ತನಕದ ಸಣ್ಣ ಸಣ್ಣ ಸಾಮಾನು ಮಾಡಿ ಮಾರುತ್ತಿದ್ದ. ಮಾಡುವಾಗಲೂ ಒಂದೇ ಕಡೆ ಕೂರುತ್ತಿರಲಿಲ್ಲ. ಮುಚ್ಚಳ ಕೆತ್ತುತ್ತಾ ಜಗಲಿಗೆ ಬರುವುದು, ಅಲ್ಲಿಂದ ಹಿತ್ತಲಿಗೆ ಹೋಗುವುದು, ಗಾಡಿ ಕೂಗಿದರೆ ಉಳಿ ಕೈಯಲ್ಲೇ ಹಿಡಿದು ನಿಲ್ದಾಣದ ಬೇಲಿಯ ತನಕ ನಡೆದು ಮತ್ತೆ ವಾಪಸ್ಸು. ಶಿವಗಂಗಮ್ಮ ಮರದ ಸಿಪ್ಪೆ ಗುಡಿಸಿ ಗುಡಿಸಿ ಸಾಕಾಗಿ, "ನೀವು ಓದ್ ಕಡೇಲೆಲ್ಲ ಬಿದ್ದಿರೋ ಸಿಪ್ಪೆ ನೋಡ್ಕಂಡೇ ನೀವೆಲ್ಲಿದ್ದೀರಿ ಅಂತ ಏಳ್ಬೋದು," ಎನ್ನುತ್ತಿದ್ದಳು.

ಬೋರಪ್ಪ ಅವನ ಬಾಳಿಗೆ ಬಂದದ್ದು ಆ ಮನೆಯಲ್ಲಿ. ಹಾಸನದ ಬೋರಪ್ಪ ಹರಾಜಿನ ವ್ಯಾಪಾರಿ. ಮಂಜರಾಬಾದಿನ ಕಡೆ ಕಾಫಿ ತೋಟದ ದೊರೆಗಳು ತಮ್ಮ ಸೀಮೆಗೆ ಹೊರಟಾಗ ಬಂಗಲೆಯ ಕುರ್ಚಿ, ಮೇಜು, ದೀಪ, ಪಿಂಗಾಣಿಗಳನ್ನು ಹರಾಜಿನಲ್ಲಿ ಹಿಡಿದು, ಈ ಕಡೆಯ ಶ್ರೀಮಂತರ ಮನೆಗಳಿಗೆ ಸಾಗಿಸುತ್ತಿದ್ದ. ಗುಂಡು ಮೈ, ನಗುಮುಖ, ಯಾರನ್ನೂ ನೋಯಿಸದ ಮಾತು. ಒಂದು ಬೆಳಿಗ್ಗೆ ಅವನು ಗೋಣಿತಾಟಿನಲ್ಲಿ ಸುತ್ತಿದ ಗಡಿಯಾರವೊಂದನ್ನು ಹೊತ್ತು ರೈಲಿನಿಂದ ಇಳಿದ.

ಮೇಜಿನ ಮೇಲಿಡುವ ಗಡಿಯಾರ. ಒಂದೂವರೆ ಮೊಳ ಎತ್ತರ. ತಲೆಯ ಮೇಲೆ ಗೋಪುರದಂಥ ಮಾಡು, ಎರಡು ಪಕ್ಕ ಕಬ್ಬಿನ ಜಲ್ಲೆಯಷ್ಟು ದಪ್ಪದ ತಿರುಚು ಕಂಬ, ಕೆಳಗೆ ನಾಲ್ಕು ಗಿಡ್ಡ ಕಾಲು. ಯಂತ್ರ ಚೆನ್ನಾಗಿತ್ತು. ಮರವನ್ನು ಗೆದ್ದಲು ತಿಂದಿತ್ತು. ಮುಟ್ಟಿದರೆ ಬೆರಳು ಒಳಗೇ ಹೋಗುತ್ತಿತ್ತು.

"ಇದ್ರಂಗೇ ಇನ್ನೊಂದು ಗೂಡು ಮಾಡ್ಕೊಡಾಕಾಯ್ತದಾ?" ಎಂದ ಬೋರಪ್ಪ.

"ಆಯ್ತದೆ," ಎಂದುಬಿಟ್ಟ ನಂಜಯ್ಯ. ಆಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಎರಡು ತಿಂಗಳು ಹಿಡಿಯಿತು. ಮುರಿದ ಬೀಟೆ ಮಂಚವೊಂದನ್ನು ಕೊಂಡು ಬಿಚ್ಚಿ, ಗೆದ್ದಲು ತಿಂದ ಒಂದೊಂದೇ ತುಂಡನ್ನು ಎದುರಿಗಿಟ್ಟುಕೊಂಡು ಅದರಂತೆ ಕೆತ್ತಿದ. ಕಂಬದ ತಿರುಚು ಬರಲಿಲ್ಲ. ಏಳು ಕಂಬ ಒಲೆಗೆ ಹೋದವು. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಹೋಗಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮತ್ತೆ ಬಂದು ಕೂರುತ್ತಿದ್ದ. ಎಂಟನೇ ಕಂಬ ತಿರುಚಿಕೊಂಡು ಮೇಲೆದ್ದಿತು. ಸಮುದ್ರದಾಚೆ ಯಾವನೋ ಒಬ್ಬ, ಹೆಸರಿಲ್ಲದವನು, ಮುಖವಿಲ್ಲದವನು, ಇದೇ ಜಾಗದಲ್ಲಿ ಉಳಿಯನ್ನು ಹೀಗೆಯೇ ಓರೆ ಹಿಡಿದಿರಬೇಕು ಅನ್ನಿಸಿತು.

ಬೋರಪ್ಪ ಹೊಸ ಗೂಡನ್ನು ನೋಡಿದ. ಕಂಬದ ತಿರುಚಿನ ಮೇಲೆ ಹೆಬ್ಬೆರಳಾಡಿಸಿದ. ಕೊನೆಗೆ ಹೇಳಿದ: "ಇಂತಾವು ಇನ್ನೂ ಬೇಕು ನಂಜಯ್ಯೋರೆ. ಯಂತ್ರದ ಯೋಚ್ನೆ ನಿಮಗ್ಬ್ಯಾಡ, ಅದು ನಂದು. ಮರ ನಿಮ್ದು. ಆದ್ರೆ ಒಂದು ಮಾತು. ಇದು ಒಸದಾಗಿ ಕಾಣ್ತದೆ. ಜನಕ್ಕೆ ಬೇಕಿರೋದು ಅಳೇದು."

ಹೊಸದನ್ನು ಹಳೆಯದು ಮಾಡುವುದು ನಂಜಯ್ಯನಿಗೆ ಒಂದು ಆಟವಾಗಿಬಿಟ್ಟಿತು. ಅಳಲೆಕಾಯಿ ಕುದಿಸಿದ ನೀರಿಗೆ ತುಕ್ಕು ಹಿಡಿದ ಲಾಳ ಹಾಕಿಟ್ಟರೆ ಕಪ್ಪು ಬರುತ್ತದೆ, ಅದನ್ನು ಬಟ್ಟೆಯಲ್ಲಿ ಅದ್ದಿ ಸಂದುಗೊಂದುಗಳಿಗೆ ಬಳಿದ. ಜನರ ಕೈ ತಾಗಿ ಸವೆಯುವ ಅಂಚುಗಳನ್ನು ಬೀಗದಕೈ ಗೊಂಚಲಿನಿಂದ ತಟ್ಟಿ ತಟ್ಟಿ ಮೊಂಡು ಮಾಡಿದ. ಅರಗು ಬಳಿದ ಗೂಡನ್ನು ಅಡಿಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿ ಮೂರು ತಿಂಗಳು ಹೊಗೆ ಕುಡಿಸಿದ. ಕೆಳಗೆ ಶಿವಗಂಗಮ್ಮ ಮುದ್ದೆ ತಿರುವುತ್ತಿದ್ದರೆ ಮೇಲೆ ಗಡಿಯಾರಕ್ಕೆ ವಯಸ್ಸಾಗುತ್ತಿತ್ತು.

"ಉಪ್ಸಾರಿಗೆಲ್ಲ ಅರಗಿನ ವಾಸ್ನೆ ಬಡೀತದೆ," ಎಂದು ಅವಳು ಸಿಡುಕಿದರೆ, "ಇನ್ನೊಂದು ತಿಂಗ್ಳು ತಡ್ಕ," ಎನ್ನುತ್ತಿದ್ದ. ಆ ತಿಂಗಳು ಮುಗಿಯುವ ಮೊದಲೇ ಇನ್ನೊಂದು ಗೂಡು ಅಟ್ಟ ಹತ್ತಿರುತ್ತಿತ್ತು.

ಮೂವತ್ತಾರರಲ್ಲಿ ಹೊಳೆನರಸೀಪುರವೂ ಸಾಕೆನಿಸಿತು. ಬೋರಪ್ಪನಿಗೆ ಹತ್ತಿರವಾಗುತ್ತದೆ ಎಂದು ನೆಪ ಹೇಳಿ ಹಾಸನಕ್ಕೆ ಸಾಮಾನು ಸಾಗಿಸಿದ. ಮುಂದಿನ ಐದು ವರ್ಷ ಕಳೆಯುವ ಹೊತ್ತಿಗೆ ಅವನ ಕೈಯಿಂದ ಒಟ್ಟು ಹನ್ನೊಂದು ಗಡಿಯಾರದ ಗೂಡುಗಳು, ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳು ಹೊರಟವು. ಗಡಿಯಾರಗಳು ಯಾರ ಮನೆ ಸೇರಿದವೆಂದು ಅವನು ಕೇಳಲಿಲ್ಲ, ಬೋರಪ್ಪ ಹೇಳಲಿಲ್ಲ. ಒಂದು ಮುಗಿಯಿತೆಂದರೆ ಇನ್ನೊಂದಕ್ಕೆ ಕೈ ತುರಿಸುತ್ತಿತ್ತು. ಮುಗಿದದ್ದನ್ನು ಎರಡನೇ ಸಲ ನೋಡುವ ತಾಳ್ಮೆಯೂ ಅವನಿಗಿರಲಿಲ್ಲ.

ನಲವತ್ತೊಂದರ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ವಕೀಲ ಗಂಗಾಧರಯ್ಯನವರಿಂದ ಒಂದು ಕಾಗದ ಬಂತು. ಹಾಸನದ ಕೋರ್ಟಿಗೆ ಬರುವ ಕಕ್ಷಿಗಾರನೊಬ್ಬ ನಂಜಯ್ಯನ ಹೆಸರು ಹೇಳಿದ್ದನಂತೆ. ಮನೆಯಲ್ಲಿ ಬೆಲೆಬಾಳುವ ಗಡಿಯಾರವೊಂದರ ಬಾಗಿಲು ಥಂಡಿಗೆ ಉಬ್ಬಿ ಬಿಗಿದುಕೊಂಡಿದೆ, ನಾಜೂಕಿನ ಕೈಯವರು ಬೇಕು, ಬಂದು ಹೋಗಬೇಕು ಎಂದು ಬರೆದಿದ್ದರು.

ಯುದ್ಧದ ಕಾಲ. ಪೆಟ್ರೋಲಿಗೆ ತತ್ವಾರ. ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸು ಏರು ಬಂದಲ್ಲೆಲ್ಲ ನಿಂತು ನಿಂತು ಹೋಯಿತು. ನಂಜಯ್ಯ ಎರಡು ಏರಿನಲ್ಲಿ ಇಳಿದು ಬಸ್ಸಿಗಿಂತ ಮುಂದೆ ನಡೆದ.

ವಕೀಲರ ಮನೆಯ ಪಡಸಾಲೆಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತುಬಿಟ್ಟ. ಎದುರಿನ ಮೇಜಿನ ಮೇಲೆ, ಮಡಿಸಿದ ಬಿಳಿ ವಸ್ತ್ರದ ಮೇಲೆ, ಅವನ ಐದನೇ ಗಡಿಯಾರ ಕೂತಿತ್ತು.

ತನ್ನದೇ ಎಂದು ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಎಡಗಡೆಯ ಮುಂಗಾಲು ಕೆತ್ತುತ್ತಿದ್ದ ದಿನ ಶಿವಗಂಗಮ್ಮ ಬಾಗಿಲಲ್ಲಿ ನಿಂತು, "ಅರಕಲಗೂಡಿಂದ ಆಳು ಬಂದವ್ನೆ. ಮಾವಾರು ಓಗ್ಬುಟ್ರಂತೆ," ಎಂದಿದ್ದಳು. ಉಳಿ ಜಾರಿತ್ತು. ಬೆರಳಗಲದ ಗಾಯ ಬಿದ್ದಿತ್ತು ಮರಕ್ಕೆ. ಅಪ್ಪನ ಮಣ್ಣು ಮುಗಿಸಿಕೊಂಡು ಬಂದ ಮೇಲೆ ಆ ಗಾಯಕ್ಕೆ ಜೇನುಮೇಣ ಮತ್ತು ಬೀಟೆಯ ಪುಡಿ ಕಲಸಿ ತುಂಬಿದ್ದ. ಕಾಲನ್ನು ಹೊಸದಾಗಿ ಕೆತ್ತುವ ಮನಸ್ಸಾಗಿರಲಿಲ್ಲ.

ಗಂಗಾಧರಯ್ಯನವರು ಐವತ್ತು ದಾಟಿದವರು, ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಗಡಿಯಾರದ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದರು. "ಹುಷಾರಾಗಿ ಮುಟ್ಟಪ್ಪ. ನೂರೈವತ್ತು ವರ್ಷದ ಸಾಮಾನು. ಲಂಡನ್ನಿನದು. ಮೂರು ತಲೆ ದೊರೆಗಳ ಬಂಗಲೆಯಲ್ಲಿ ಬಾಳಿ ಬಂದದ್ದು. ಬಾಗಿಲಂಚು ಒಂದಿಷ್ಟು ಉಜ್ಜಿದರೆ ಸಾಕು, ಬೇರೆ ಕಡೆ ಉಳಿ ಸೋಕಬಾರದು. ಇಂಥ ಕೆಲಸ ನಮ್ಮ ಕಡೆಯವರ ಕೈಯಲ್ಲಿ ಹುಟ್ಟೋದಲ್ಲ, ನೋಡು."

ನಂಜಯ್ಯ ಚೀಲ ಬಿಚ್ಚಿದ. ಉಪ್ಪುಕಾಗದ ತೆಗೆದು ಬಾಗಿಲಿನ ಅಂಚು ಉಜ್ಜಿದ. ಬಾಗಿಲು ಸಲೀಸಾಗಿ ಕೂತಿತು. ವಕೀಲರ ಹೆಂಡತಿ ನೀಲಾಂಬಿಕೆಯವರು ಕಾಫಿ ತರುವಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿಕೊಂಡು ಬೀದಿಗಿಳಿದಿದ್ದ.

ಅಂದಿನಿಂದ ನಂಜಯ್ಯನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮುಚ್ಚಳ ಕೊರೆಯಲು ಹೋದರೆ ಗೆರೆ ದಾಟುತ್ತಿತ್ತು. ಒಡವೆ ಪೆಟ್ಟಿಗೆಯೊಂದಕ್ಕೆ ಕೀಲನ್ನು ತಲೆಕೆಳಗಾಗಿ ಕೂರಿಸಿದ. ಪೂಜೆಗೆ ಕೂತಾಗ ಕೂಡ ವಕೀಲರ ಮಾತೇ ಕಿವಿಯಲ್ಲಿ. ನಮ್ಮ ಕಡೆಯವರ ಕೈಯಲ್ಲಿ ಹುಟ್ಟೋದಲ್ಲ.

ಬೋರಪ್ಪನ ಮಂಡಿಗೆ ಹೋಗಿ ಕೇಳಿದ. "ಅಳೇದು ಅಂತ ಸುಳ್ಳು ಏಳಿ ಮಾರಿದ್ದೀಯಲ್ಲ ಬೋರಪ್ಪ!"

ಬೋರಪ್ಪ ನಕ್ಕ. "ನಾನೆಲ್ಲಿ ಏಳ್ದೆ? 'ಬಂಗಲೇಲಿ ಇಂತಾವಿರ್ತವೆ ಸ್ವಾಮಿ' ಅಂದೆ. ಮಿಕ್ಕಿದ್ದೆಲ್ಲ ಅವರೇ ಏಳ್ಕಂಡ್ರು. ಒಲೆ ಮ್ಯಾಲೆ ಕಟ್ಟಿ ಒಗೆ ಕುಡಿಸಿದ್ದು ಯಾರು? ನಾನಾ? ಅಳಲೆಕಾಯಿ ನೀರು ಬಳ್ದೋನ್ಯಾರು? ಈಗ ಬಂದು ನನ್ನ ಕೇಳ್ತೀರಲ್ಲ ನಂಜಯ್ಯೋರೆ."

ನಂಜಯ್ಯ ಬಂದ ಕಾಲಲ್ಲೇ ತಿರುಗಿದ. ಮನೆಗೆ ಬಂದು ಶಿವಗಂಗಮ್ಮನ ಮುಂದೆ ಎಲ್ಲವನ್ನೂ ಒದರಿದ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕೇಳಿ ಮುಗಿಸಿ ತಲೆಯೆತ್ತಿದಳು.

"ಒಂದ್ ಮಾತು ಕೇಳ್ತೀನಿ, ದಿಟ ಏಳಿ. ನಿಮಗೆ ಉರೀತಿರೋದು ಅವ್ರಿಗೆ ಮೋಸ ಆಯ್ತು ಅಂತ್ಲಾ, ನಿಮ್ಮೆಸ್ರು ಯಾರೂ ಏಳ್ನಿಲ್ಲ ಅಂತ್ಲಾ?"

ನಂಜಯ್ಯ ಎದ್ದು ಹಿತ್ತಲಿಗೆ ಹೋದ. ಎರಡೂ ಇತ್ತು. ಯಾವುದು ಎಷ್ಟು ಎಂದು ತೂಗಿ ನೋಡಲು ಹೋದರೆ ತಟ್ಟೆ ಒಮ್ಮೆ ಅತ್ತ, ಒಮ್ಮೆ ಇತ್ತ.

ಮೂರು ಸಲ ಚನ್ನರಾಯಪಟ್ಟಣಕ್ಕೆ ಹೋಗಿ ಬಂದ. ಮೊದಲ ಸಲ ಬಸ್ಸಿನಿಂದ ಇಳಿದು ಅದೇ ಬಸ್ಸು ಹತ್ತಿದ. ಎರಡನೇ ಸಲ ವಕೀಲರ ಬೀದಿಯ ಮೂಲೆಯ ತನಕ ನಡೆದ. ಮೂರನೇ ಸಲ ಗೇಟಿಗೆ ಕೈ ಹಾಕಿದ್ದ, ಒಳಗಿಂದ ಗಡಿಯಾರ ಹನ್ನೊಂದು ಹೊಡೆಯಿತು. ತನ್ನ ಗೂಡಿನೊಳಗಿಂದ ಬಂದ ಆ ಸದ್ದು ಎಷ್ಟು ಗಂಭೀರವಾಗಿ, ಎಷ್ಟು ತುಂಬಿಕೊಂಡು ಬಂತೆಂದರೆ ಅವನು ಕೊನೆಯ ಹೊಡೆತದ ತನಕ ಕೇಳಿ ಹಿಂದಕ್ಕೆ ಹೊರಟ.

ನಾಲ್ಕನೇ ಸಲ ಒಂದು ಭಾನುವಾರ. ಪಡಸಾಲೆಯಲ್ಲಿ ವಕೀಲರ ಜೊತೆ ಇಬ್ಬರು ಅತಿಥಿಗಳಿದ್ದರು. ಗಡಿಯಾರದ ಕಥೆಯೇ ನಡೆದಿತ್ತು. ನಂಜಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ. ಬಂದ ವೇಗಕ್ಕೆ ಉಸಿರು ಮೇಲೆ ಕೆಳಗಾಗುತ್ತಿತ್ತು.

"ಸ್ವಾಮಿ, ಈ ಗಡಿಯಾರ ಲಂಡನ್ನಿಂದಲ್ಲ. ನಾನು ಮಾಡಿದ್ದು. ಒಳೆನರಸೀಪುರದಲ್ಲಿ, ಮೂವತ್ತೈದನೇ ಇಸ್ವಿ."

ವಕೀಲರು ಕನ್ನಡಕದ ಮೇಲಿನಿಂದ ನೋಡಿದರು. ಅತಿಥಿಗಳಲ್ಲಿ ಒಬ್ಬರು ನಕ್ಕರು. ವಕೀಲರೂ ನಕ್ಕರು. "ಏನಯ್ಯ, ಬಾಗಿಲು ಉಜ್ಜಿದ್ದಕ್ಕೆ ಗಡಿಯಾರವೇ ನಿನ್ನದಾಯ್ತಾ? ಸಾಕ್ಷಿ ಏನಿದೆ?"

"ಎಡಗಡೆ ಮುಂಗಾಲು ನೋಡಿ ಸ್ವಾಮಿ. ಅಲ್ಲೊಂದು ಕಡೆ ಮರ ಅಲ್ಲ, ಮೇಣ. ಕಾಯಿಸಿದ ಸೌಟಿನ ತುದಿ ಇಟ್ರೆ ಕರಗ್ತದೆ. ಒಳಗೆ ಉಳಿ ಜಾರಿದ ಗಾಯ ಅದೆ. ನಮ್ಮಪ್ಪ ಸತ್ತ ಸುದ್ದಿ ಬಂದಾಗ ಆಗಿದ್ದು."

ನಗು ನಿಂತಿತು. ಯಾರೂ ಕುರ್ಚಿಯಿಂದ ಏಳಲಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನೀಲಾಂಬಿಕೆಯವರು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ಕಬ್ಬಿಣದ ಸೌಟಿತ್ತು. ಗಂಡನ ಮುಖ ನೋಡದೆ ಅದನ್ನು ನಂಜಯ್ಯನ ಕೈಗೆ ಕೊಟ್ಟರು.

ಮೇಣ ಕರಗಿ ಬಿಳಿ ವಸ್ತ್ರದ ಮೇಲೆ ಕಂದು ಹನಿಯಾಗಿ ಇಳಿಯಿತು. ಬೆರಳಗಲದ ಗಾಯ ಬಾಯಿ ತೆರೆಯಿತು.

ಅತಿಥಿಗಳು ಏನೋ ಕೆಲಸ ನೆನಪಾದವರಂತೆ ಮೇಲುವಸ್ತ್ರ ಸರಿಮಾಡಿಕೊಂಡು ಹೊರಟರು. ಗಂಗಾಧರಯ್ಯನವರು ಬೈಯಬಹುದು, ಹೊಡೆಯಲೂಬಹುದು ಎಂದು ನಂಜಯ್ಯ ನಿಂತಿದ್ದ. ಅವರು ಕುರ್ಚಿಯಲ್ಲಿ ಕುಗ್ಗಿ ಕೂತು ಸಣ್ಣ ದನಿಯಲ್ಲಿ ಕೇಳಿದರು.

"ನಿನಗೇನು ಬೇಕಿತ್ತಯ್ಯ?"

"ಏನೂ ಬ್ಯಾಡ ಸ್ವಾಮಿ."

"ಏನೂ ಬೇಡ. ಏನೂ ಬೇಡದೆ ಒಬ್ಬನ ಸಂತೋಷ ಕಿತ್ತುಕೊಳ್ಳೋಕೆ ಅಷ್ಟು ದೂರದಿಂದ ಬಂದೆಯಾ?"

ನಂಜಯ್ಯ ಆ ಮಾತನ್ನು ಎದುರು ನೋಡಿರಲಿಲ್ಲ. ಹೇಳಿಬಿಟ್ಟರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡು ಬಂದಿದ್ದ. ಬಸ್ಸಿನಲ್ಲಿ ಕೂತು ಹಾಸನಕ್ಕೆ ಬರುವಾಗ ಎದೆ ಮುಟ್ಟಿ ನೋಡಿಕೊಂಡ. ಹಳೆಯ ಭಾರ ಇಳಿದಿತ್ತು ನಿಜ, ಆ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು.

ಬೋರಪ್ಪನ ಸಂಗ ಅಲ್ಲಿಗೆ ಮುಗಿಯಿತು. ಒಂದು ಮನೆಯಲ್ಲಿ ಹೇಳಿದವನು ಹನ್ನೊಂದು ಮನೆಯಲ್ಲೂ ಹೇಳಬಹುದು ಎಂದು ಅವನು ಮೈಸೂರಿನ ಕಡೆಗೆ ವ್ಯಾಪಾರ ಬದಲಿಸಿಕೊಂಡ. ಅಷ್ಟರಲ್ಲಿ ಯುದ್ಧ ಬಲಿತು ಗಡಿಯಾರದ ಯಂತ್ರಗಳೂ ಎಲ್ಲಿಯೂ ಸಿಗದಂತಾದವು. ನಂಜಯ್ಯ ಮತ್ತೆ ಪೆಟ್ಟಿಗೆಗಳಿಗೆ ಬಂದ. ಪೆಟ್ಟಿಗೆ ಮಾಡುತ್ತ ಮಾಡುತ್ತ ಅವನಿಗೆ ಒಂದು ಯೋಚನೆ ಹುಟ್ಟಿತು. ಕಿತ್ತುಕೊಂಡದ್ದನ್ನು ತುಂಬಿಕೊಡಬೇಕು. ವಕೀಲರಿಗೆ ಹೊಸ ಗಡಿಯಾರ ಒಂದನ್ನು ಮಾಡಿಕೊಡಬೇಕು, ಯಾವ ದೊರೆಯದನ್ನೂ ನೋಡದೆ, ಯಾವ ಹೊಗೆಗೂ ಕಟ್ಟದೆ.

ಹಲಸಿನ ಮರ ತಂದ. ಅರಿಸಿನ ಬಣ್ಣದ ಹಲಗೆ. ಅದನ್ನು ಎದುರಿಗಿಟ್ಟುಕೊಂಡು ಕೂತವನು ಎರಡು ದಿನ ಒಂದು ಗೆರೆಯನ್ನೂ ಎಳೆಯಲಿಲ್ಲ. ನಕಲು ಮಾಡುವಾಗ ಕೈ ತಾನೇ ಓಡುತ್ತಿತ್ತು. ಈಗ ಕೈ ನಿಂತು ನಿಂತು, ಮುಂದೆ ಏನು, ಮುಂದೆ ಏನು ಎಂದು ಕೇಳುತ್ತಿತ್ತು. ಮೇಲೆ ಗೋಪುರ ಇಡೋಣವೆಂದರೆ ಅದು ದೊರೆಯ ಗಡಿಯಾರದ್ದು. ಕಂಬ ತಿರುಚೋಣವೆಂದರೆ ಅದೂ ಅವರದ್ದು. ಎಲ್ಲವನ್ನೂ ತೆಗೆದುಬಿಟ್ಟರೆ ಉಳಿಯುವುದು ಕಾಳಾಚಾರಿ ಹೇಳಿಕೊಟ್ಟ ಪೆಟ್ಟಿಗೆ ಮಾತ್ರ.

ಮಾಡಿದ, ಮುರಿದ. ಇನ್ನೊಂದು ಮಾಡಿದ, ಅದನ್ನೂ ಮುರಿದ. ನುಗ್ಗೇಹಳ್ಳಿಗೆ ಹೆಂಡತಿಯ ತವರಿಗೆ ಹೋದಾಗ ಅಲ್ಲಿನ ಕಲ್ಲಿನ ಗುಡಿಯ ಸುತ್ತ ಮೂರು ದಿನ ಸುತ್ತಿದ. ಕಂಬದ ಬುಡದಲ್ಲಿ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಡಿದಿದ್ದ ಕಲ್ಲನ್ನು ಅಂಗೈಯಲ್ಲಿ ತಡವಿ ನೋಡಿದ. ಅಳಿಯಂದಿರಿಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡರು ಮಾವನ ಮನೆಯವರು. ಹಾಸನಕ್ಕೆ ಬಂದವನೇ ನಾಲ್ಕು ಮೂಲೆಯ ಗೂಡನ್ನು ಬಿಟ್ಟು ಮೂಲೆಗಳು ಒಂದರ ಪಕ್ಕ ಒಂದು ಮಡಿಚಿಕೊಂಡು ಸುತ್ತುವ ಗೂಡು ಕೂಡಿಸತೊಡಗಿದ. ಹದಿನಾರು ಮೂಲೆ, ಒಂದೂ ಮೊಳೆಯಿಲ್ಲ. ಒಂದು ಮೂಲೆ ಕೂದಲೆಳೆಯಷ್ಟು ಓರೆಯಾದರೂ ಕೊನೆಯದು ಕೂಡುತ್ತಿರಲಿಲ್ಲ. ಒಂದು ವರ್ಷದ ಮೇಲೆ ನಾಲ್ಕು ತಿಂಗಳು ಹಿಡಿಯಿತು. ನಡುನಡುವೆ ಸಿಟ್ಟು ಬಂದು ಉಳಿ ಎಸೆದು, ಬಸ್‌ಸ್ಟ್ಯಾಂಡಿನ ತನಕ ಬಿರಬಿರನೆ ನಡೆದು, ಬಂದು ಅದನ್ನು ಹುಡುಕುತ್ತಿದ್ದ. ಶಿವಗಂಗಮ್ಮ ಅದನ್ನೆತ್ತಿ ಗೂಟಕ್ಕೆ ಸಿಕ್ಕಿಸಿಟ್ಟಿರುತ್ತಿದ್ದಳು.

ಗೂಡು ಮುಗಿದ ದಿನ ಅವಳೇ ಹೇಳಿದಳು: "ಎಸ್ರು ಕೆತ್ತಿ ಇದ್ರ ಮ್ಯಾಲೆ. ಇಂದೆ ಅಲ್ಲ, ಮುಂದೆ, ಕಾಣೋ ಕಡೆ. ಇನ್ನೊಂದ್ಸಲ ಯಾರ ಮನೇಗೂ ಓಗಿ ಸೌಟು ಕಾಯ್ಸೋ ಅಂಗಾಗೋದು ಬ್ಯಾಡ."

'ಅರಕಲಗೂಡಿನ ನಂಜಯ್ಯ ಮಾಡಿದ್ದು' ಎಂದು ಕೆತ್ತಿದ.

ನಲವತ್ತೈದರ ಬೇಸಿಗೆಯಲ್ಲಿ ಅದನ್ನು ಗೋಣಿಯಲ್ಲಿ ಸುತ್ತಿ ಚನ್ನರಾಯಪಟ್ಟಣಕ್ಕೆ ಹೊತ್ತ. ಯಂತ್ರವಿಲ್ಲದ ಗೂಡು. ವಕೀಲರ ಹಳೆಯ ಗಡಿಯಾರದ ಯಂತ್ರವನ್ನೇ ಇದಕ್ಕೆ ಕೂರಿಸಿದರಾಯಿತು ಎಂದು ಅವನ ಲೆಕ್ಕಾಚಾರ. ಆ ಗಡಿಯಾರ ಮೂಲೆ ಸೇರಿರುತ್ತದೆ, ಅಟ್ಟ ಹತ್ತಿರುತ್ತದೆ ಎಂದೇ ಅವನು ತಿಳಿದಿದ್ದ.

ಅದು ಪಡಸಾಲೆಯಲ್ಲೇ ಇತ್ತು. ಅದೇ ಮೇಜು. ಓಡುತ್ತಿತ್ತು. ಎಡಗಾಲಿನ ಗಾಯವನ್ನು ಯಾರೂ ಮುಚ್ಚಿರಲಿಲ್ಲ.

ಗಂಗಾಧರಯ್ಯನವರಿಗೆ ಈಗ ವಯಸ್ಸಾದಂತಿತ್ತು. ಇವನನ್ನು ಗುರುತಿಸಿ ಕುರ್ಚಿ ತೋರಿಸಿದರು. ನಂಜಯ್ಯ ಕೂರಲಿಲ್ಲ.

"ಏಳು ತಿಂಗಳು ನಾನು ಅದಕ್ಕೆ ಕೀ ಕೊಡಲಿಲ್ಲ," ಎಂದರು ವಕೀಲರು. "ನಮ್ಮ ಮನೆಯವರೇ ಕೀ ಕೊಟ್ಟು ಅಡಿಗೆಮನೆ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಎಲ್ಲಿಯದಾದರೆ ನನಗೇನು, ಅನ್ನ ಬೇಯೋ ಹೊತ್ತು ಸರಿಯಾಗಿ ಹೇಳಿದರಾಯ್ತು ಅಂತ. ಒಂದು ದಿನ ಹೋಗಿ ಅದರ ಬೆನ್ನಿನ ಬಾಗಿಲು ತೆಗೆದೆ. ನಿನ್ನನ್ನ ಬೈಯೋಕೆ ಇನ್ನೊಂದು ಕಾರಣ ಸಿಗುತ್ತೇನೋ ಅಂತಲೇ ತೆಗೆದದ್ದು ಅನ್ನು. ಲಂಡನ್ನಿನದು ಅಂತ ನಂಬಿದ್ದಾಗ ಒಂದು ಸಲವೂ ಒಳಗೆ ನೋಡಿರಲಿಲ್ಲ. ಲಂಡನ್ನಿನದನ್ನ ನೋಡೋದೇನು? ನೋಡಿದೆ. ಆ ಮೂಲೆ ಕೂಡಿಸಿದ್ದೀಯಲ್ಲ..." ಅವರು ಎರಡು ಕೈಗಳ ಬೆರಳು ಹೆಣೆದು ತೋರಿಸಿದರು.

ನೀಲಾಂಬಿಕೆಯವರು ಕಾಫಿ ತಂದಿಟ್ಟು ನಕ್ಕರು. "ಈಗ ಬಂದೋರಿಗೆಲ್ಲ ದಿಟವೇ ಹೇಳ್ತಾರಪ್ಪ, ಅರಕಲಗೂಡಿನೋನು ಮಾಡಿದ್ದು ಅಂತ. ಒಬ್ರೂ ನಂಬೋದಿಲ್ಲ. ಲಂಡನ್ನಿನದು ಅಂದ್ರೆ ಎಲ್ಲಿ ನಮಗೆ ಕೊಡಿ ಅಂತ ಕೇಳ್ಬಿಡ್ತಾರೋ ಅಂತ ವಕೀಲರು ದಿಟ ಮುಚ್ಚಿಡ್ತಾರೆ ಅಂದ್ಕೋತಾರೆ."

ನಂಜಯ್ಯ ಗೋಣಿ ಬಿಚ್ಚಿ ಹಲಸಿನ ಗೂಡನ್ನು ಇಟ್ಟ. ಕಿಟಕಿಯ ಬೆಳಕು ಬಿದ್ದು ಹದಿನಾರು ಮೂಲೆಗಳೂ ಹಳದಿಯಾಗಿ ಎದ್ದು ಕಂಡವು. ವಕೀಲರು ಅದನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು, ಮುಚ್ಚಳ ತೆಗೆದು ಒಳಗೂ ನೋಡಿದರು. ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಹಿಂದಕ್ಕೆ ತಳ್ಳಿದರು.

"ಇದು ನನಗಲ್ಲ. ಪ್ರಾಯಶ್ಚಿತ್ತಕ್ಕೆ ಅಂತ ತಂದಿದ್ದೀಯ. ಆ ಗಡಿಯಾರದ ಯಂತ್ರ ಕಿತ್ತು ಇದಕ್ಕೆ ಹಾಕೋಕೆ ನಾನು ಬಿಡೋದಿಲ್ಲ. ಇದಕ್ಕೆ ಯಂತ್ರ ಹುಡುಕು. ನಾಲ್ಕು ಜನ ನೋಡೋ ಕಡೆ ಇಡು."

ಹೊತ್ತು ತಂದದ್ದನ್ನು ಹೊತ್ತುಕೊಂಡೇ ನಂಜಯ್ಯ ಹಾಸನಕ್ಕೆ ಮರಳಿದ. ಯಂತ್ರ ಸಿಗುವ ತನಕ ಎರಡು ವರ್ಷ ಶಿವಗಂಗಮ್ಮ ಆ ಗೂಡಿನಲ್ಲಿ ಹೀರೆ, ಕುಂಬಳ, ಅವರೆಯ ಬಿತ್ತನೆ ಬೀಜ ಕಟ್ಟಿಟ್ಟಳು. ಅವನು ಹೋಗಿ ಬರುವ ದಾರಿಯಲ್ಲೆಲ್ಲ ಒಡೆದ ಗಡಿಯಾರಗಳನ್ನು ಕೇಳಿಕೊಂಡು ತಿರುಗಿದ. ಸ್ವಾತಂತ್ರ್ಯ ಬಂದ ವರ್ಷ ಹೊಳೆನರಸೀಪುರದಲ್ಲಿ ಮುಚ್ಚಿದ ಒಂದು ಬಟ್ಟೆ ಅಂಗಡಿಯ ಗೋಡೆ ಗಡಿಯಾರ ಸಿಕ್ಕಿತು. ಅದರ ಯಂತ್ರ ಬಿಚ್ಚಿ ತಂದು, ಬೀಜದ ಗಂಟುಗಳನ್ನು ತೆಗೆಸಿ, ಕೂರಿಸಿದ.

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಲಕ್ಕಯ್ಯ ಎಂಬುವನ ಕಾಫಿ ಹೋಟೆಲಿತ್ತು. ಪ್ರಯಾಣಿಕರು ಹೊತ್ತು ಕೇಳಿ ಕೇಳಿ ತಲೆ ತಿನ್ನುತ್ತಾರೆ ಎಂದು ಅವನು ಗಡಿಯಾರ ಹುಡುಕುತ್ತಿದ್ದ. ನೀಲಾಂಬಿಕೆಯವರು ನಂಜಯ್ಯನ ಹೆಸರು ಹೇಳಿಸಿದರು. ಗಲ್ಲಾಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ ಹಲಸಿನ ಗಡಿಯಾರ ಕೂತಿತು. ಕೆಲವೇ ದಿನಗಳಲ್ಲಿ ಡ್ರೈವರುಗಳು ಅದನ್ನು ನೋಡಿ ಬಸ್ಸು ಬಿಡತೊಡಗಿದರು. ಓದು ಬಂದವರು ಕಾಫಿ ಆರುವ ತನಕ ಅದರ ಮೇಲಿನ ಅಕ್ಷರ ಓದುತ್ತಿದ್ದರು, ಓದು ಬಾರದವರು ಓದಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಇನ್ನೂ ಮೂವರು ಕೇಳಿದರು. ಒಬ್ಬರು ಮಾತ್ರ ಸ್ವಲ್ಪ ಹಳೆಯದಾಗಿ ಕಾಣುವ ಹಾಗೆ ಮಾಡಿಕೊಡಿ ಎಂದರು. ನಂಜಯ್ಯ, "ಮನೇಲಿಟ್ಕಳಿ ಸ್ವಾಮಿ, ತಾನೇ ಅಳೇದಾಯ್ತದೆ," ಎಂದ.

ಕೆಲಸ ಆ ಊರಿನಲ್ಲೇ ಹೆಚ್ಚಾದ್ದರಿಂದ ನಲವತ್ತೆಂಟರಲ್ಲಿ ಅವರು ಚನ್ನರಾಯಪಟ್ಟಣಕ್ಕೇ ಬಂದು ನೆಲೆಯಾದರು. ನೆಲೆಯಾದದ್ದು ಶಿವಗಂಗಮ್ಮ. ಒಂದು ವರ್ಷ ತುಂಬುವುದರೊಳಗೆ ನಂಜಯ್ಯ ಊಟದ ನಡುವೆ ಕೈ ನಿಲ್ಲಿಸಿ ಹೇಳಿದ: "ಅರಕಲಗೂಡಿಗೇ ಓಗ್ಬುಡಾನಾ ಅಂತ. ಅಲ್ಲಿ ಮರ ಚೆನ್ನಾಗಿ ಸಿಕ್ತದೆ."

"ಓಗಿ," ಎಂದಳು ಅವಳು. "ನಾಕು ಮನೆ ಸಾರಿಸಿ ಸಾರಿಸಿ ನನ್ನ ಕೈ ಸವೆದೋಗದೆ. ಈ ಸಲ ನಾನು ಬರಾಕಿಲ್ಲ. ನೀವೊಬ್ರೇ ಓಗಿ."

ಅವನು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೋದ. ಅಪ್ಪನ ಅಂಗಡಿಯಲ್ಲಿ ಈಗ ಯಾರೋ ಬಳೆ ಮಾರುತ್ತಿದ್ದರು. ಕಾಳಾಚಾರಿ ಸತ್ತು ಆರು ವರ್ಷವಾಗಿತ್ತು, ಚಪ್ಪರದ ಜಾಗದಲ್ಲಿ ಸೈಕಲ್ ಅಂಗಡಿ ಬಂದಿತ್ತು. ನಂಜಯ್ಯ ಛತ್ರದಲ್ಲಿ ಆರು ದಿನ ಇದ್ದ. ಪೇಟೆಬೀದಿಯನ್ನು ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದನೋ ಅವನಿಗೇ ತಿಳಿಯದು.

ಏಳನೇ ದಿನ ಮಧ್ಯಾಹ್ನದ ಬಸ್ಸಿಗೆ ಚನ್ನರಾಯಪಟ್ಟಣದಲ್ಲಿ ಇಳಿದು ಮನೆಗೆ ಬಂದ. ಚೀಲವನ್ನು ಜಗಲಿಯ ಮೇಲೆ ಇಳಿಸಿದ. ಶಿವಗಂಗಮ್ಮ ಬಾಗಿಲಿಗೆ ಬಂದು ನೋಡಿದಳು.

"ಅಲ್ಲಿ ಮರ ಚೆನ್ನಾಗಿಲ್ಲ," ಎಂದ ನಂಜಯ್ಯ.

"ಕೈಕಾಲು ತೊಳ್ಕಳಿ. ಮುದ್ದೆ ಆರೋಯ್ತದೆ," ಎಂದು ಅವಳು ಒಳಗೆ ಹೋದಳು.